ಎಡದ್ದು?

ಪಪೇಟೆ ಬಿಟ್ಟು ಮೂರು ಗಂಟೆ. ಕೆಳಗೆ ಪೆಸಿಫಿಕ್
ಇದೆಯೆಂದು ನಕ್ಷೆ ಹೇಳುತ್ತಿತ್ತು, ನಂಬಿದ್ದೆವು.
ಕ್ಯಾಪ್ಟನ್ ಸಿಮೇನಾ ಒಯಾರ್ಸೂನ್
ಚೀಸಿನ ಬನ್ನು ಅರ್ಧ ತಿಂದು
ಉಳಿದರ್ಧ ಕಾಗದದಲ್ಲಿ ಸುತ್ತಿಡುತ್ತಿದ್ದಳು.
ಯಾವಾಗಲೂ ಅರ್ಧ ಉಳಿಸುವವಳು.

ಆಗ ಯಾರೋ ಹೊಟ್ಟೆಯಡಿಯಿಂದ ಒದ್ದ ಹಾಗೆ.
ಒಮ್ಮೆ. ಮತ್ತೆರಡು ಸಲ.
ಎಡಗಡೆಯ ಗಾಜಿನಲ್ಲಿ ಕಿತ್ತಳೆ ಬೆಳಕೊಂದು
ಬಂದು, ನಾಚಿದಂತೆ ಹೋಯಿತು.
ಮೂಗುದಾರ ಜಗ್ಗಿದ ಎತ್ತಿನಂತೆ ವಿಮಾನ
ಎಡಕ್ಕೆ ಮುಖ ತಿರುಗಿಸಿತು.
ನನಗೆ ತಿಳಿಯುವ ಮೊದಲೇ
ನನ್ನ ಬಲಗಾಲು ಪೆಡಲು ಒತ್ತಿತ್ತು.

ಕೈಯೂ ಹಾಗೇ ಹೊರಟಿತ್ತು, ಸ್ವಿಚ್ಚಿನ ಕಡೆಗೆ.
ಅದರ ಮೇಲೆ ಅವಳು ತನ್ನ ಕೈ ಇಟ್ಟಳು,
ನಿದ್ದೆಯ ಮಗುವಿನ ಎದೆ ಮೇಲೆ ಇಡುವಷ್ಟೇ ಭಾರ.
‘ನೀನು ಹಾರಿಸು ಬಾಲ್ತಸಾರ್. ಉಳಿದದ್ದು ನನಗಿರಲಿ.
ಅವಸರವೇನಿಲ್ಲ. ಇನ್ನೊಂದಿದೆ.’

ಇನ್ನೊಂದಿದೆ.
ಅದನ್ನು ನಾವೇ ಕೊಲ್ಲದಿದ್ದರೆ.
ಗಾಬರಿಯಲ್ಲಿ ಕೆಟ್ಟದ್ದನ್ನು ಬಿಟ್ಟು
ನೆಟ್ಟಗಿದ್ದದ್ದನ್ನೇ ಆರಿಸಿದವರ ಕಥೆ
ತರಬೇತಿಯಲ್ಲಿ ಹೇಳುತ್ತಾರೆ, ಊಟಕ್ಕೆ ಸ್ವಲ್ಪ ಮೊದಲು.

ಬೆರಳು ಸ್ವಿಚ್ಚಿನ ಮೇಲಿಟ್ಟು, ತಿರುಗಿಸದೆ, ಕೇಳಿದಳು:
ಎಡದ್ದು?
ನಾನು ನೋಡಿದೆ. ಬಿದ್ದುಹೋದ ಅಂಕಿ ನೋಡಿದೆ,
ಅವಳ ಬೆರಳು ನೋಡಿದೆ, ಉಗುರಿನಡಿಯ ಬನ್ನಿನ ಪುಡಿ ನೋಡಿದೆ,
ನನ್ನ ಎಡಗೈ ಯಾವುದೆಂದೂ ಒಮ್ಮೆ ನೋಡಿಕೊಂಡೆ.
ಎಡದ್ದೇ.
ಟಕ್.
ಅಷ್ಟು ದೊಡ್ಡದಕ್ಕೆ ಅಷ್ಟು ಸಣ್ಣ ಸದ್ದು.

ಚಿಲೊಯೆಯಲ್ಲಿ ಅಪ್ಪನ ದೋಣಿಯ ಮೋಟಾರು ನಿಂತರೆ
ಅಪ್ಪ ಮೊದಲು ಸಂತರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಬೈದು
ಆಮೇಲೆ ಹುಟ್ಟಿಗೆ ಕೈ ಹಾಕುತ್ತಿದ್ದ.
ನಮ್ಮ ಕೈಪಿಡಿಯಲ್ಲಿ ಬೈಗುಳಕ್ಕೆ ಪುಟವಿಲ್ಲ.
ಇದ್ದದ್ದು ಇಷ್ಟು: ದಾರಿ ಬಿಟ್ಟು ಪಕ್ಕಕ್ಕೆ ಸರಿ,
ಕೆಳಗೆ ಯಾರಾದರೂ ಬರುತ್ತಿರಬಹುದು.
ಒಂಟಿ ಎಂಜಿನ್ನು ಮೂವತ್ತೇಳು ಸಾವಿರ ಅಡಿಯಲ್ಲಿ ಹೊರಲಾರದು,
ಇಪ್ಪತ್ತೆರಡಕ್ಕೆ ಇಳಿ.
ಇಳಿದೆವು, ತಲೆಹೊರೆಯವರು ಮೆಟ್ಟಿಲಿಳಿದಂತೆ,
ಪ್ರತಿ ಹೆಜ್ಜೆ ಕಾಲಿನಿಂದ ಹುಡುಕಿ.

ಹಿಂದೆ ಇನ್ನೂರ ಮೂವತ್ತೊಂದು ಜನ.
ಅವರಿಗೆ ಅವಳು ಹೇಳಿದ್ದು ನಾಲ್ಕೇ ಮಾತು:
ಒಂದು ಎಂಜಿನ್ ನಿಲ್ಲಿಸಿದ್ದೇವೆ. ಒಂದು ಸಾಕು.
ರಾಪಾ ನುಯಿಗೆ ಹೋಗುತ್ತಿದ್ದೇವೆ.
ಕುರ್ಚಿಪಟ್ಟಿ ಬಿಚ್ಚಬೇಡಿ.

ಆಮೇಲೆ ಎರಡು ಗಂಟೆ ಇಪ್ಪತ್ತು ನಿಮಿಷ
ಏನೂ ಆಗಲಿಲ್ಲ.
ಅದರ ಬಗ್ಗೆ ಯಾರೂ ಕೇಳುವುದಿಲ್ಲ.
ಸತ್ತ ಎಂಜಿನ್ನು ಗಾಳಿಗೆ ತನ್ನಷ್ಟಕ್ಕೆ ತಿರುಗುತ್ತಿತ್ತು,
ಬದುಕಿದ್ದದರ ಎಣ್ಣೆಯನ್ನು ನಾನು
ಜ್ವರದ ಮನೆಯಲ್ಲಿ ಹಣೆ ಮುಟ್ಟುವಂತೆ
ನೋಡಿ, ಬಿಟ್ಟು, ಮತ್ತೆ ನೋಡಿ.
ಸಿಮೇನಾ ಕಾಗದ ಬಿಚ್ಚಿ
ಉಳಿದರ್ಧ ಬನ್ನು ತಿಂದಳು.
ಅಂದು ನಾನು ಹೆದರಿದ್ದು ಆಗ.

ಮಾತಾವೇರಿ ಗೋಪುರದಲ್ಲಿ ಪಕರಾತಿ ಎಂಬ ಹೆಂಗಸು,
ನಿದ್ದೆಯಿಂದ ಎದ್ದು ಬಂದ ದನಿ:
ಗಾಳಿ ಹದವಾಗಿದೆ, ದೀಪ ಹಾಕಿದೆ,
ರನ್‌ವೇ ಮೇಲೆ ಮೂರು ಕುದುರೆ.
ನನ್ನ ತಮ್ಮ ಜೀಪಿನಲ್ಲಿ ಓಡಿಸುತ್ತಿದ್ದಾನೆ.
ಸ್ವಲ್ಪ ಹೊತ್ತಿಗೆ, ಎರಡು.
ನಾವು ಚಕ್ರ ಇಳಿಸಿದೆವು.
ಒಂದು. ಅದು ಮುದಿ, ಹಟಮಾರಿ.
ಸಾವಿರ ಅಡಿಯಲ್ಲಿ ಏನೂ ಹೇಳಲಿಲ್ಲ.
ಒಂಬೈನೂರರಲ್ಲಿ, ಉಸಿರು ಬಿಟ್ಟು: ಬನ್ನಿ.

ಬಂದೆವು. ನಿಂತ ಮೇಲೆ ಬಲಗಾಲು ಮಾತ್ರ
ಪೆಡಲು ಬಿಡಲೊಲ್ಲದೆ ನಡುಗುತ್ತಿತ್ತು.
ದೀಪದಂಚಿನಲ್ಲಿ ಹುಲ್ಲು ಮೇಯುತ್ತಿದ್ದ ಕುದುರೆ
ತಲೆಯೆತ್ತಲೂ ಇಲ್ಲ.

ಏಳು ವರ್ಷವಾಯಿತು. ಪ್ವೆರ್ತೊ ಮೊಂತ್‌ನ ಮನೆಯಲ್ಲಿ
ರಾತ್ರಿ ಗ್ಯಾಸ್ ಒಲೆ ಆರಿಸುವಾಗ
ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತೇನೆ:
ಎಡದ್ದು?
ಪಕ್ಕದ ಕೋಣೆಯಿಂದ ಎಲ್ಬಾ ಹೇಳುತ್ತಾಳೆ,
ಪುಸ್ತಕದಿಂದ ತಲೆಯೆತ್ತದೆ, ಪ್ರೀತಿಯಿಂದಲೇ,
ಎಡದ್ದೇ.
ನೋಡದೆ ಹೇಳಿದ್ದು ಲೆಕ್ಕಕ್ಕಿಲ್ಲ ಎಂದು
ಅವಳಿಗೆ ಹೇಗೆ ಹೇಳಲಿ.
ಬೆರಳು ಅಲ್ಲೇ ಇದೆ.